ಚಿಗರಿಗೆ ಇನ್ನೊಂದು ಸೂಲು?

ತುಮಕೂರಿನ ಸದಾಶಿವನಗರದ ಈ ಅಡ್ಡರಸ್ತೆಗೆ ತಿರುಗಿದ ಮೇಲೆ ಮನೆ ಯಾವುದೆಂದು ನೀವು ಯಾರನ್ನೂ ಕೇಳಬೇಕಾಗಿಲ್ಲ. ಹಸಿರು ಗೇಟಿನ ಮುಂದೆ ಬೀದಿಯ ಗಂಡುನಾಯಿಗಳೆಲ್ಲ ಜಮಾಯಿಸಿವೆ. ಒಂದು ಕಾಂಪೌಂಡಿನ ಬುಡ ಮೂಸುತ್ತ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಿದೆ. ಇನ್ನೊಂದು, ನಿಲ್ಲಿಸಿದ ಓಮ್ನಿಯ ಚಕ್ರಕ್ಕೆ ಕಾಲೆತ್ತಿ, ನಾಲ್ಕು ಹೆಜ್ಜೆ ನಡೆದು, ಸಮಾಧಾನವಾಗದೆ ಅದೇ ಚಕ್ರಕ್ಕೆ ಮರಳಿದೆ. ಕಿವಿ ಹರಿದ ಕಂದು ನಾಯಿಯೊಂದು ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ಗೇಟಿನ ಸಂದಿಗೆ ಮೂಗಿಟ್ಟು ಮಲಗಿದೆ. ಕಾಯುವುದು ಅದಕ್ಕೆ ಹೊಸದಲ್ಲ. ಎದುರುಮನೆಯ ಹೆಂಗಸು ಬಕೆಟ್ ಹಿಡಿದು ಬಂದರೆ ಎಲ್ಲವೂ ಹತ್ತು ಮಾರು ಚದುರುತ್ತವೆ. ಆಕೆ ಬಾಗಿಲು ಹಾಕಿಕೊಂಡ ಕೂಡಲೇ ಮತ್ತೆ ಬಂದು ಕೂರುತ್ತವೆ.

“ಬೇಗ ಬಂದ್ಬಿಡಿ, ಬೇಗ!” ಎಂದು ಗೇಟನ್ನು ಒಂದು ಮೊಳ ತೆಗೆದವರು ಮನೆಯ ಸೊಸೆ. ನೀವು ಅಡ್ಡಡ್ಡಲಾಗಿ ನುಸುಳುತ್ತೀರಿ. ಹಿಂದೆಯೇ ನುಗ್ಗಲು ನೋಡಿದ ಕಂದು ನಾಯಿಯನ್ನು ಆಕೆ ಪೊರಕೆಯಲ್ಲಿ ತಡೆದು ಚಿಲಕ ಹಾಕುತ್ತಾರೆ.

ಜಗಲಿಯ ಮೇಲೆ ಹಳೆಯ ಸೀರೆಯೊಂದನ್ನು ಮಡಿಸಿ ಹಾಸಿದೆ. ಚಿಗರಿ ಅದರ ಮೇಲೆ ಮುಂಗಾಲು ಚಾಚಿ ಕೂತಿದ್ದಾಳೆ. ಹೊಸಬರು ಬಂದರೆಂದು ಬೊಗಳುವುದಿಲ್ಲ, ಬಾಲ ಆಡಿಸುವುದೂ ಇಲ್ಲ. ತಲೆ ಎತ್ತಿ ನಿಮ್ಮನ್ನು ಒಮ್ಮೆ ನೋಡಿ, ನಿಮ್ಮ ಹೆಗಲ ಮೇಲಿನಿಂದ ಗೇಟಿನತ್ತ ಕಣ್ಣು ನೆಡುತ್ತಾಳೆ. ಮುಧೋಳದ ನಾಯಿಯನ್ನು ಹತ್ತಿರದಿಂದ ನೋಡದವರಿಗೆ ಇವಳಿಗೆ ಊಟ ಹಾಕುತ್ತಾರೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ನೀಳ ತಲೆ, ಇಳಿಬಿದ್ದ ಕಿವಿ, ಆಳವಾದ ಎದೆ, ಅಲ್ಲಿಂದ ಸರ್ರನೆ ಮೇಲಕ್ಕೆ ಎಳೆದುಕೊಂಡ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಇದು ಓಟಕ್ಕೆಂದು ಆದ ಮೈ. ಬಣ್ಣ ಮಾಸಲು ಕೆಂಪು; ಮೂತಿ ಮಾತ್ರ ಈಚೆಗೆ ಬೆಳ್ಳಗಾಗಿದೆ. ಬಲಭುಜದ ಮೇಲೆ ಮುಳ್ಳುತಂತಿ ಗೀರಿದ ಹಳೆಯ ಗಾಯದಲ್ಲಿ ಕೂದಲು ಮತ್ತೆ ಹುಟ್ಟಿಲ್ಲ. ಈ ಯುಗಾದಿಗೆ ಅವಳಿಗೆ 7 ವರ್ಷ ತುಂಬುತ್ತದೆ.

“ಇವತ್ತಿಗೆ ಹತ್ತನೇ ದಿನ” ಎನ್ನುತ್ತ ಸೊಸೆ ನೆಲದ ಮೇಲಿನ ಹನಿಯನ್ನು ಒರೆಸುತ್ತಾರೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ನಿಮಗೂ ತೋರಿಸುತ್ತಾರೆ. ಮೊದಲ ವಾರ ಕಡುಗೆಂಪಗಿದ್ದದ್ದು ಈಗ ತಿಳಿಯಾಗಿದೆ. ಸೊಂಟದ ಮೇಲೆ ಕೈಯಿಟ್ಟರೆ ಚಿಗರಿ ಎದ್ದು ನಿಂತು ಬಾಲವನ್ನು ಪಕ್ಕಕ್ಕೆ ಸರಿಸುತ್ತಾಳೆ. ಗಂಡುನಾಯಿಯನ್ನು ಹತ್ತಿರ ಬಿಟ್ಟುಕೊಳ್ಳುವ ದಿನಗಳು ಬಂದವೆಂದು ಅರ್ಥ. ಮಾಮೂಲಿ ನಾಯಿಗಳು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬಂದರೆ ಇವಳದು ಹತ್ತು ತಿಂಗಳ ಲೆಕ್ಕ. ಈ ಸಲ ಬಿಟ್ಟರೆ ಮುಂದಿನ ಬೆದೆಯ ಹೊತ್ತಿಗೆ ಎಂಟಕ್ಕೆ ಹತ್ತಿರವಾಗಿರುತ್ತಾಳೆ. ಹಾಗಾಗಿ ಏನು ಮಾಡುವುದಿದ್ದರೂ ಈ ನಾಲ್ಕೈದು ದಿನಗಳಲ್ಲಿ ತೀರ್ಮಾನವಾಗಬೇಕು. ಮಧ್ಯಾಹ್ನಕ್ಕೆ ಕುಣಿಗಲ್ ಕಡೆಯಿಂದ ಒಬ್ಬರು ತಮ್ಮ ಗಂಡುನಾಯಿಯನ್ನು ಕರೆದುಕೊಂಡು ಬರುವವರಿದ್ದಾರೆ.

ಅವರನ್ನು ಕರೆಸಿದ್ದು ತಾತ.

ತಾತ ಒಳಗಿನಿಂದ ಟವಲು ಕೊಡವುತ್ತ ಬಂದು ನಿಮ್ಮ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ. ತೋಟ ಈಗಲೂ ಅಲ್ಲೇ ಇದೆ, ಮಗಳ ಗಂಡ ನೋಡಿಕೊಳ್ಳುತ್ತಾನೆ. ಶಿವರಾತ್ರಿಗೆ ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಮೂರು ದಿನ ಸುತ್ತಾಡಿ ಬಂದಿದ್ದಾರೆ. ಕೊಳ್ಳುವುದಕ್ಕಲ್ಲ, ಹಳ್ಳಿಕಾರ್ ಹೋರಿಗಳ ಬಾಯಿ ಬಿಡಿಸಿ ಹಲ್ಲು ನೋಡುವುದಕ್ಕೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ದೂರದಿಂದಲೇ ಹೇಳಬಲ್ಲ ಮನುಷ್ಯ. ಚಿಗರಿಯ ತುಟಿ ಎತ್ತಿ ನಿಮಗೂ ತೋರಿಸುತ್ತಾರೆ. ಮುಂದಿನ ಸಣ್ಣ ಹಲ್ಲುಗಳ ಅಂಚು ಸವೆದು ಸಮವಾಗಿದೆ.

“ನೋಡಿ ಕಟ್ಟಬೇಕು ಕಣಪ್ಪಾ ನಾಯೀನ” ಎನ್ನುತ್ತಾರೆ. “ಮೊದ್ಲು ಅದು ಏನು ಅಂತ ಗೊತ್ತಾಗ್ಬೇಕು. ಆಮೇಲೆ ಮರಿ.”

ಅವರ ಕಾಲದಲ್ಲಿ ನಾಯಿ ಏನೆಂದು ಗೊತ್ತಾಗುತ್ತಿದ್ದದ್ದು ಹೊಲದಲ್ಲಿ. ಯುಗಾದಿ ಕಳೆದ ಮೇಲೆ ಊರ ಗಂಡಸರು ಬಲೆ, ದೊಣ್ಣೆ, ನಾಯಿ ಹಿಡಿದು ಹೊರಡುತ್ತಿದ್ದರಂತೆ. ಯಾವ ನಾಯಿ ಮೊಲ ಕಂಡೊಡನೆ ಬೆನ್ನು ಹತ್ತಿತು, ಯಾವುದು ತಿರುವಿನಲ್ಲಿ ಸೋತಿತು, ಯಾವುದು ಹಿಡಿದದ್ದನ್ನು ತಾನೇ ತಿಂದಿತು, ಯಾವುದು ತಂದು ಕಾಲ ಬುಡದಲ್ಲಿ ಹಾಕಿತು, ಎಲ್ಲ ಊರಿಗೇ ತಿಳಿಯುತ್ತಿತ್ತು. ಎರಡು ಮೂರು ಬೇಸಿಗೆ ನೋಡಿ, ‘ಇದರ ಮರಿ ನಮಗೂ ಒಂದು ಇರಲಿ’ ಎಂದು ನಾಲ್ಕು ಜನ ಕೇಳಿದ ಮೇಲೆಯೇ ಅದಕ್ಕೆ ಜೋಡಿ ಹುಡುಕುತ್ತಿದ್ದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬೇಟೆಗಳೆಲ್ಲ ಅಪರಾಧವಾದವು, ಆಗಬೇಕಾದದ್ದೂ ಹೌದು. ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಇವತ್ತು ಕೃಷ್ಣಮೃಗಗಳು ಹಿಂಡುಗಟ್ಟಿ ಕಾಣುತ್ತವೆ ಎಂದರೆ ಅಂಥ ನಾಯಿಗಳನ್ನು ಬಿಡುವವರ ಮೇಲೆ ಕಾನೂನಿನ ಕಣ್ಣಿರುವುದೂ ಒಂದು ಕಾರಣ. ತಾತನಿಗೂ ಅದರ ಬಗ್ಗೆ ತಕರಾರಿಲ್ಲ. ಆದರೆ ಬೇಟೆ ನಿಂತ ಮೇಲೆ ಬೇಟೆನಾಯಿಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂದೇ ನನಗೂ ಅನಿಸುತ್ತದೆ. ತಲೆ ಎಷ್ಟುದ್ದ, ಎತ್ತರ ಎಷ್ಟು, ಬಣ್ಣ ಯಾವುದು, ಕಾಗದ ಇದೆಯೋ ಇಲ್ಲವೋ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ತಾತ ತಮ್ಮದೇ ಉಪಾಯ ಮಾಡಿಕೊಂಡರು. ಬೇಸಿಗೆಯಲ್ಲಿ ಊರ ಕೆರೆಯಂಗಳ ಒಣಗಿದಾಗ ಮೊಮ್ಮಗನ ಬೈಕಿನ ಹಿಂದೆ ಉದ್ದ ಹಗ್ಗ, ಹಗ್ಗದ ತುದಿಗೆ ಗೋಣಿತಟ್ಟು. ಮಣ್ಣಿನಲ್ಲಿ ಪುಟಿಯುವ ಆ ತಟ್ಟಿನ ಹಿಂದೆ ಚಿಗರಿಯನ್ನು ಬಿಡುವುದು. ನಾಲ್ಕು ಬೇಸಿಗೆ ಬಿಟ್ಟಿದ್ದಾರೆ. ವೇಗದ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಮುಧೋಳದ ನಾಯಿಗೆ ವೇಗ ಇರುವುದೇನೂ ದೊಡ್ಡ ಸಂಗತಿಯಲ್ಲವಂತೆ. ಅವರು ಹೇಳುವುದು ಇನ್ನೊಂದನ್ನು. ಕಣ್ಣಿನಿಂದ ಬೇಟೆ ಹಿಡಿಯುವ ಈ ಜಾತಿಯ ನಾಯಿಗಳು ಒಮ್ಮೆ ಬೆನ್ನು ಹತ್ತಿದರೆ ಕರೆದವರ ದನಿ ಕೇಳುವುದಿಲ್ಲ. ಚಿಗರಿ ಕೇಳುತ್ತಾಳೆ. ತಟ್ಟಿಗೆ ಇನ್ನೆರಡು ಮಾರು ಇದೆ ಎನ್ನುವಾಗಲೂ ತಾತ ಕೂಗಿದರೆ ಅರ್ಧ ಸುತ್ತು ಹಾಕಿ ವಾಪಸ್ ಬರುತ್ತಾಳೆ.

“ಅರವತ್ತು ವರ್ಷದಾಗೆ ಇಂಥ ನಾಯಿ ನಾನು ನೋಡಿಲ್ಲ. ಇದು ಇವಳ ಜೊತೆಗೇ ಹೋಗ್ಬಾರ್ದು.”

ಈ ಮಾತಿಗೆ ಮಗ ಎದುರಾಡುವುದಿಲ್ಲ, ಸೊಸೆಯೂ ಆಡುವುದಿಲ್ಲ. ತೊಡಕು ಇರುವುದು ಲೆಕ್ಕದಲ್ಲಿ. ನಾಯಿಯ ಗುಣ ಖಾತ್ರಿಯಾಗುವಷ್ಟು ಕಾದರೆ ಅದರ ವಯಸ್ಸು ಮೀರಿರುತ್ತದೆ. ವಯಸ್ಸಿನಲ್ಲಿಯೇ ಮರಿ ಹಾಕಿಸಿದರೆ ಗುಣ ಗೊತ್ತಿರುವುದಿಲ್ಲ. ನಾಲ್ಕನೇ ವಯಸ್ಸಿನಲ್ಲಿ ಚಿಗರಿ ಒಂದು ಸೂಲು ಹಾಕಿದ್ದಳು, ಐದು ಮರಿ. ಆಗ ತಾತನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ, ಮರಿಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟರು. ಒಂದು ಹೆಣ್ಣುಮರಿ ಮಾತ್ರ ಗುಬ್ಬಿಯ ತೋಟದಲ್ಲಿ ಉಳಿಯಿತು.

ಈಗ ಮೊಮ್ಮಗನ ಫೋನು ದಿನಾ ಬಡಿದುಕೊಳ್ಳುತ್ತದೆ. ಮುಧೋಳ ಮರಿ ಇದೆಯಾ ಅಣ್ಣ, ಗಂಡಾ ಹೆಣ್ಣಾ, ರೇಟೆಷ್ಟು. ಈ ನಾಯಿಗೆ ಇಷ್ಟು ಬೇಡಿಕೆ ಮೊದಲಿರಲಿಲ್ಲ. ಬೇಡರು ಸಾಕಿಕೊಂಡಿದ್ದ ಬೇಟೆನಾಯಿಗಳನ್ನು ಅರಮನೆಗೆ ತಂದು ತಳಿಯಾಗಿ ಬೆಳೆಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟ ಮೇಲೆ ನಾಯಿಗೆ ಊರಿನ ಹೆಸರೇ ಅಂಟಿತು. ಸಂಸ್ಥಾನ ಹೋದ ಮೇಲೆ ಬಾಗಲಕೋಟೆ ಕಡೆಯ ರೈತರ ಮನೆಗಳಲ್ಲಿ ಅದು ಹೇಗೋ ಬದುಕಿಕೊಂಡಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿನ ಮರಿಗಳು 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೊದಲ್ಲಿ ದೇಸಿ ನಾಯಿಗಳ ಹೆಸರು ಹೇಳಿದ ಮೇಲಂತೂ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರಿಗೂ ಮುಧೋಳ ಬೇಕಾಯಿತು. ಮೈಲಿಗಟ್ಟಲೆ ಓಡಲು ಹುಟ್ಟಿದ ಪ್ರಾಣಿಯನ್ನು ಬಾಲ್ಕನಿಯಲ್ಲಿ ಕಟ್ಟಿ, ಅದು ಸೋಫಾ ಹರಿಯಿತೆಂದು ದೂರುವವರನ್ನು ನೀವೂ ಕಂಡಿರುತ್ತೀರಿ.

ಗಂಟೆ ಹತ್ತೂವರೆ. ಮಗ ಓಮ್ನಿಯ ಬೀಗದಕೈ ಹುಡುಕುತ್ತಾರೆ. ಗಂಡುನಾಯಿ ಬರುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಬೇಕೆಂಬುದು ಸೊಸೆಯ ಹಟ. ಹೊರಗಿನ ದಂಡನ್ನು ದಾಟಿ ಚಿಗರಿಯನ್ನು ಗಾಡಿಗೆ ಹತ್ತಿಸುವುದೇ ಒಂದು ಕೆಲಸ. ಸೊಸೆ ಪೊರಕೆ ಹಿಡಿದು ಮುಂದೆ, ಮಗ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ನಡುವೆ, ತಾತ ಕೋಲು ಬೀಸುತ್ತ ಹಿಂದೆ. ಬಾಗಿಲು ಎಳೆದುಕೊಂಡ ಮೇಲೆ ಹಗ್ಗ ನಿಮ್ಮ ಕೈಗೆ ಬರುತ್ತದೆ. ಗಾಡಿ ಬಿ.ಎಚ್. ರಸ್ತೆಗೆ ಬರುವವರೆಗೂ ಕಂದು ನಾಯಿ ಹಿಂದೆ ಓಡಿ ಬರುವುದನ್ನು ಚಿಗರಿ ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇರುತ್ತಾಳೆ. ಅವಳ ಎದೆ ನಿಮ್ಮ ಮೊಣಕಾಲಿಗೆ ಒರಗಿದೆ. ದೊಡ್ಡದಾಗಿ, ನಿಧಾನವಾಗಿ ಬಡಿಯುವ ಆ ಗುಂಡಿಗೆ ಬಟ್ಟೆಯ ಮೇಲಿನಿಂದಲೂ ನಿಮಗೆ ತಿಳಿಯುತ್ತದೆ.

ಕ್ಲಿನಿಕ್ಕಿನಲ್ಲಿ ಫಿನಾಯಿಲ್ ವಾಸನೆ. ಮೇಜು ಸ್ಟೀಲಿನದು, ಕಾಲು ಜಾರುತ್ತದೆಂದು ಅದರ ಮೇಲೆ ರಬ್ಬರ್ ಮ್ಯಾಟ್ ಹಾಕಿದ್ದಾರೆ. ಡಾಕ್ಟರು ಮೂವತ್ತು ದಾಟಿರದ ಹುಡುಗಿ. ತಾತನ ಮುಖದಲ್ಲಿ ಇದಕ್ಕೇನು ಗೊತ್ತು ಎಂಬ ಭಾವ ಒಂದು ಕ್ಷಣ ಬಂದು ಹೋಗುತ್ತದೆ. ಆಕೆ ನಾಯಿಯನ್ನು ಮುಟ್ಟುವ ಮೊದಲು ತನ್ನ ಕೈಯ ಹಿಂಭಾಗವನ್ನು ಮೂಸಲು ಕೊಡುತ್ತಾಳೆ. ಆ ಭಾವ ಅಲ್ಲಿಗೆ ಮುಗಿಯುತ್ತದೆ.

ತಲೆಯಿಂದ ಶುರು. ಕಣ್ಣು, ಒಸಡು, ಎದೆಯ ಬಡಿತ. ಆಮೇಲೆ ಹೊಟ್ಟೆಯ ಕೆಳಗೆ ಎರಡು ಸಾಲು ಮೊಲೆಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಹೊಸೆದು ನೋಡುತ್ತ ಹೋಗುತ್ತಾಳೆ. ಹಿಂದಿನಿಂದ ಎರಡನೆಯದರ ಹತ್ತಿರ ಬೆರಳು ನಿಲ್ಲುತ್ತದೆ. “ಇದು ಯಾವಾಗಿಂದ ಇದೆ?” ಯಾರಿಗೂ ಗೊತ್ತಿಲ್ಲ. ನಿಮ್ಮ ಬೆರಳನ್ನೂ ಅಲ್ಲಿಡಿಸುತ್ತಾಳೆ. ಚರ್ಮದ ಅಡಿಯಲ್ಲಿ ತೊಗರಿ ಕಾಳಿನಷ್ಟು ಗಟ್ಟಿ ಗಂಟು, ಒತ್ತಿದರೆ ಸರಿಯುತ್ತದೆ.

“ಇದು ಏನೂ ಇಲ್ಲದೆಯೂ ಇರಬಹುದು. ಹೆಣ್ಣುನಾಯಿಗಳ ಮೊಲೆಗಡ್ಡೆಯಲ್ಲಿ ಸುಮಾರು ಅರ್ಧದಷ್ಟು ಕೆಟ್ಟವು, ಅರ್ಧ ಸಾದಾ. ತೆಗೆದು ಪರೀಕ್ಷೆಗೆ ಕಳಿಸದೆ ಹೇಳಕ್ಕಾಗಲ್ಲ.”

ಹತ್ತಿ ಸುತ್ತಿದ ಕಡ್ಡಿಯಲ್ಲಿ ದ್ರವ ತೆಗೆದು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಡುತ್ತಾಳೆ. ತಾತನನ್ನೂ ಕರೆದು ನೋಡಿಸುತ್ತಾಳೆ. ಅಂಚು ಮುದುಡಿದ, ನಡುವಿನ ಚುಕ್ಕೆ ಮಾಯವಾದ ಕೋಶಗಳೇ ತುಂಬಿವೆ. ನಾಳೆ ನಾಡಿದ್ದರಲ್ಲಿ ಅಂಡ ಬಿಡುಗಡೆಯಾಗಬಹುದು; ಖಚಿತ ಬೇಕಾದರೆ ರಕ್ತದಲ್ಲಿ ಪ್ರೊಜೆಸ್ಟರಾನ್ ನೋಡಬೇಕು. ತಾತನ ಮುಖ ಅರಳುತ್ತದೆ. “ಹಂಗಾದ್ರೆ ಹೊತ್ತು ಸರಿಯಾಗದೆ.”

“ಹೊತ್ತು ಸರಿಯಾಗಿದೆ ತಾತ. ನಾಯಿಗಳಿಗೆ ಮುಟ್ಟು ನಿಲ್ಲೋ ವಯಸ್ಸು ಅಂತ ಇರಲ್ಲ, ಹನ್ನೆರಡು ಆದ್ರೂ ಬೆದೆಗೆ ಬರ್ತವೆ. ಬಂದ ಮಾತ್ರಕ್ಕೆ ಗರ್ಭಕೋಶ ತಯಾರಿದೆ ಅಂತಲ್ಲ. ಅದನ್ನ ನೋಡಣ.”

ಹೊಟ್ಟೆಯ ಕೂದಲು ಬೋಳಿಸಿ ಜೆಲ್ ಸುರಿಯುತ್ತಾರೆ. ತಣ್ಣಗಾಗಿ ಚಿಗರಿ ನಡುಗುತ್ತಾಳೆ. ಮೈಮೇಲೆ ಕೊಬ್ಬಿಲ್ಲದ ಪ್ರಾಣಿ. ಸೊಸೆ ಅವಳ ಕಿವಿಯ ಬುಡ ಉಜ್ಜುತ್ತ ಏನೋ ಪಿಸುಗುಡುತ್ತಾರೆ. ಪರದೆಯ ಮೇಲೆ ಬೂದು ಬಣ್ಣದ ಗದ್ದಲ. ಡಾಕ್ಟರು ತೋರಿಸುವವರೆಗೂ ನಿಮಗೆ ಏನೂ ಕಾಣುವುದಿಲ್ಲ. ಮೂತ್ರಕೋಶದ ಕರಿಯ ಚೀಲ, ಅದರ ಪಕ್ಕದಲ್ಲಿ ಒಂದು ಕೊಳವೆ, ಕೊಳವೆಯ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಕರಿ ಚುಕ್ಕೆ.

“ಬೆದೆಯಲ್ಲಿ ಗೋಡೆ ಸ್ವಲ್ಪ ದಪ್ಪ ಆಗೋದು ಸಹಜ. ಈ ಚುಕ್ಕೆಗಳು ಸಹಜ ಅಲ್ಲ. ನೀರು ತುಂಬಿದ ಗುಳ್ಳೆ ಇವು.”

ಕಾರಣವನ್ನು ಆಕೆ ಬಿಡಿಸಿ ಹೇಳುತ್ತಾಳೆ. ನಾಯಿಗೆ ಗಬ್ಬವಾಗಲಿ ಬಿಡಲಿ, ಪ್ರತಿ ಬೆದೆಯ ನಂತರವೂ ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಗರ್ಭಕೋಶವನ್ನು ಬಸಿರಿಗೆ ಅಣಿ ಮಾಡುತ್ತಲೇ ಇರುತ್ತದೆ. ವರ್ಷದ ಮೇಲೆ ವರ್ಷ ಹೀಗೆ ಅಣಿಯಾಗಿ ಅಣಿಯಾಗಿ ಒಳಪದರ ಕೆಡುತ್ತದೆ. ಅಲ್ಲಿ ಭ್ರೂಣ ಕಚ್ಚಿಕೊಳ್ಳುವುದು ಕಷ್ಟ; ರೋಗಾಣು ಸೇರಿದರೆ ಕೀವು ಕಟ್ಟುವುದು ಸುಲಭ. ಕಚ್ಚಿಕೊಂಡರೂ ಈ ವಯಸ್ಸಿಗೆ ಮರಿಗಳ ಸಂಖ್ಯೆ ಇಳಿಯುತ್ತದೆ, ಸತ್ತು ಹುಟ್ಟುವುದು ಹೆಚ್ಚುತ್ತದೆ. ಒಂದೇ ಮರಿ ನಿಂತರೆ ಇನ್ನೂ ಪೇಚು. ಹೆರಿಗೆ ಶುರುವಾಗಲು ಒಳಗಿನಿಂದ ಮರಿಗಳೇ ಸೂಚನೆ ಕಳಿಸಬೇಕು. ಒಂಟಿ ಮರಿಯ ಸೂಚನೆ ಸಾಲದೆ 63 ದಿನ ದಾಟಿದರೂ ನೋವು ಬರದೆ ಹೋಗಬಹುದು. ವಯಸ್ಸಾದ ಗರ್ಭಕೋಶ ಒಂದೆರಡು ಮರಿ ತಳ್ಳಿ ಸುಸ್ತಾಗಿ ನಿಂತುಬಿಡುವುದೂ ಉಂಟು. ಆಗ ಸಿಸೇರಿಯನ್. ಕೊಬ್ಬಿಲ್ಲದ ಇಂಥ ಮೈಗೆ ಕೆಲವು ಅರಿವಳಿಕೆಗಳು ಬೇಗ ಇಳಿಯುವುದಿಲ್ಲ, ಏಳುವುದು ತಡವಾಗುತ್ತದೆ.

“ನಮ್ಮ ಊರಾಗೆ ಹತ್ತು ವರ್ಷದ ನಾಯಿ ಮರಿ ಹಾಕಿದ್ದು ನಾನೇ ನೋಡಿವ್ನಿ” ಎನ್ನುತ್ತಾರೆ ತಾತ.

“ಹಾಕ್ತವೆ ತಾತ. ಹಾಕದೆ ಸತ್ತಿದ್ದನ್ನ ಯಾರೂ ಹೇಳ್ಕೊಂಡು ತಿರುಗಲ್ಲ.”

ಸೊಸೆ ಇಷ್ಟು ಹೊತ್ತೂ ಮಾತಾಡಿಲ್ಲ. ಈಗ ಹಿಂದಿನ ಸೂಲಿನ ಸುದ್ದಿ ತೆಗೆಯುತ್ತಾರೆ, ಮಾವನಿಗಲ್ಲ, ಡಾಕ್ಟರಿಗೆ. ಆಗ ವಯಸ್ಸು ನಾಲ್ಕು, ಆದರೂ ಹಾಲು ಸಾಲಲಿಲ್ಲ. ಎರಡು ಮರಿಗಳನ್ನು ಬಾಟಲಿಯಲ್ಲಿ ಸಾಕಿದ್ದು ಯಾರು? ರಾತ್ರಿ ಎರಡೆರಡು ಗಂಟೆಗೆ ಎದ್ದು, ಕುಡಿಸಿ, ಒದ್ದೆ ಹತ್ತಿಯಲ್ಲಿ ಹೊಟ್ಟೆ ಒರೆಸಿ ಮೂತ್ರ ಮಾಡಿಸಿ, ಮತ್ತೆ ಬುಟ್ಟಿಗೆ ಹಾಕಿದ್ದು ಯಾರು? “ಇವರಿಗೆ ಮರಿ ಕಣ್ಣು ಬಿಟ್ಟ ಮೇಲೇನೇ ಕಾಣ್ಸೋದು” ಎಂದಾಗ ಮಗ ನೆಲ ನೋಡುತ್ತಾರೆ. ತಳಿ ಉಳಿಸುವ ಮಾತು ಯಾವ ಜಗಲಿಯಲ್ಲಿ ನಡೆದರೂ ಈ ಕೆಲಸದ ಪಾಲು ಯಾರಿಗೆ ಬೀಳುತ್ತದೆ ಎಂಬುದು ಚರ್ಚೆಗೆ ಬರುವುದು ಅಪರೂಪ. ಬಂದದ್ದು ಒಳ್ಳೆಯದೇ ಆಯಿತು.

ಕಾನೂನನ್ನೂ ಡಾಕ್ಟರು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. 2017ರ ನಿಯಮದ ಪ್ರಕಾರ ತಳಿ ಬೆಳೆಸಿ ಮಾರುವವರು ನೋಂದಣಿ ಮಾಡಿಸಿರಬೇಕು, 18 ತಿಂಗಳು ತುಂಬದ ಹೆಣ್ಣಿಗೆ ಕ್ರಾಸ್ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದು ಸೂಲು, ಜೀವಮಾನಕ್ಕೆ ಐದು. ಜೊತೆಗೆ ನಾಯಿ ಆರೋಗ್ಯವಾಗಿದೆ ಎಂದು ಪಶುವೈದ್ಯರು ಬರೆದುಕೊಡಬೇಕು.

“ನೀವು ಬರ್ಕೊಡ್ತೀರಾ?” ಮಗ ಕೇಳುತ್ತಾರೆ.

“ಇವಳಿಗೆ ಬರ್ಕೊಡಲ್ಲ ಸರ್.”

ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡುವುದಿಲ್ಲ. ಮನೆ ಮುಟ್ಟಿದರೆ ಗೇಟಿನ ಎದುರು ಪಿಕಪ್ ನಿಂತಿದೆ. ಕುಣಿಗಲ್‌ನವರು ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದಾರೆ. ಹಿಂದೆ ಹಗ್ಗ ಬಿಗಿದು ನಿಂತ ಗಂಡುನಾಯಿ ಎದ್ದು ಕಾಣುವ ಪ್ರಾಣಿ: ಬಿಳಿ ಮೈ, ಭುಜ ಹತ್ತಿರ ಹತ್ತಿರ 28 ಅಂಗುಲ, ಮೂರು ವರ್ಷದ ಹುರುಪು. ಬೀದಿಯ ನಾಯಿಗಳು ದೂರ ಸರಿದು ಕೂತಿವೆ. ಓಮ್ನಿಯ ಬಾಗಿಲು ತೆರೆದದ್ದೇ ಅದು ಹಗ್ಗವನ್ನು ಎಷ್ಟು ಜೋರಾಗಿ ಜಗ್ಗುತ್ತದೆಂದರೆ ಪಿಕಪ್ಪಿನ ಕಂಬಿ ಕಿರುಗುಟ್ಟುತ್ತದೆ. ಚಿಗರಿಯೂ ನಿಮ್ಮ ಕೈಯಲ್ಲಿನ ಹಗ್ಗವನ್ನು ಎಳೆಯುತ್ತಾಳೆ. ಅವಳನ್ನು ಒಳಗಿನ ಕೋಣೆಗೆ ಸೇರಿಸಿ ಬಾಗಿಲು ಹಾಕುವಷ್ಟರಲ್ಲಿ ನಿಮ್ಮ ಅಂಗೈ ಕೆಂಪಾಗಿದೆ.

ಕುಣಿಗಲ್‌ನವರು ಕಾಫಿ ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತಾರೆ. ಅವರಿಗೆ ಅದೊಂದೂ ದೊಡ್ಡದಾಗಿ ಕಾಣುವುದಿಲ್ಲ. “ಏನ್ ದೊಡ್ಡಪ್ಪಾ, ಡಾಕ್ಟ್ರು ಹೆದರಿಸ್ತಾರೆ. ನಮ್ಮೂರ ಸ್ಟಡ್ ಫಾರಂನಲ್ಲಿ ಹದಿನಾರು ಹದಿನೇಳು ವರ್ಷದ ಹೆಣ್ಣುಕುದುರೆಗೂ ಮರಿ ಆಗ್ತವೆ.” ಟಿಪ್ಪು ತನ್ನ ಅಶ್ವದಳಕ್ಕೆಂದು ಕಟ್ಟಿಸಿದ ಆ ಫಾರಂನ ಹುಲ್ಲುಗಾವಲನ್ನು ನೋಡುತ್ತ ಬೆಳೆದವರು ಅವರು. ಅಪ್ಪ ಅಲ್ಲೇ ಲಾಯದ ಕೆಲಸದಲ್ಲಿದ್ದರಂತೆ. ಕುದುರೆಯ ವಿಷಯ ಬಂದರೆ ಅವರ ದನಿಯೇ ಬದಲಾಗುತ್ತದೆ.

“ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತೆ ಅಣ್ಣ” ಎನ್ನುತ್ತಾರೆ ಮಗ. “ನಾಯಿ ಬಾಳೋದು ಹನ್ನೆರಡೋ ಹದಿಮೂರೋ. ಇವಳ ಏಳು ಅಂದ್ರೆ ಅಲ್ಲಿ ಹದಿನಾರೇ ಆಯ್ತಲ್ಲ.”

“ಅದೇ ನಾನೂ ಹೇಳ್ತಿರೋದು, ಹದಿನಾರಕ್ಕೂ ಹಾಕ್ತವೆ ಅಂತ!”

ಎಲ್ಲರೂ ನಗುತ್ತಾರೆ. ತಾತನೂ ನಗುತ್ತಾರೆ. ಒಂದು ಗಳಿಗೆ ಮಾತು ಅತ್ತ ಇತ್ತ ತೂಗುತ್ತದೆ. ನೀವು ತಾತನ ಮುಖ ನೋಡುತ್ತೀರಿ. ಬಂದ ನಾಯಿಯನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಸುಲಭವಿಲ್ಲ. ಎದ್ದು ಹೋಗಿ ಪಿಕಪ್ಪಿನ ಪಕ್ಕ ನಿಲ್ಲುತ್ತಾರೆ. ಬಿಳಿ ನಾಯಿಯ ತುಟಿ ಎತ್ತುತ್ತಾರೆ, ತೊಡೆ ಅದುಮುತ್ತಾರೆ, ಪಾದದ ಬೆರಳು ಬಿಡಿಸುತ್ತಾರೆ.

“ಎಲ್ಲಿಂದ ತಂದ್ರಿ ಇದನ್ನ?”

“ಲೋಕಾಪುರ. ಮುಧೋಳದ ಹತ್ರ. ನಿಮ್ಮ ನಾಯಿ ತಂದ್ರಲ್ಲ, ಅದೇ ಮನೆಯಿಂದ. ನಿಮ್ಮ ಮೊಮ್ಮಗನೇ ನಂಬರ್ ಕೊಟ್ಟಿದ್ದು.”

“ಇದರಪ್ಪ?”

“ಅದೇ ಅವ್ರ ಮನೆ ಬಿಳಿ ನಾಯಿ. ಬಾಲದ ತುದಿ ಮುರ್ದಿತ್ತಲ್ಲ, ಅದು. ಈಗಿಲ್ಲ, ಹೋದ್ವರ್ಷ ಹೋಯ್ತು.”

ತಾತ ನಾಯಿಯ ಪಾದವನ್ನು ಕೆಳಗೆ ಬಿಡುತ್ತಾರೆ. ಬಾಲದ ತುದಿ ಮುರಿದ ಬಿಳಿ ನಾಯಿಯನ್ನು ಅವರು ಕಂಡಿದ್ದಾರೆ. ಚಿಗರಿಯನ್ನು ಮರಿಯಲ್ಲಿ ತರಲು ಹೋದಾಗ, ಇದೇ ಅಪ್ಪ ಎಂದು ತೋರಿಸಿದ್ದರು.

ಕುಣಿಗಲ್‌ನ ಫಾರಂನಲ್ಲಾದರೆ ಈ ಮಾತು ಪಿಕಪ್ ಹತ್ತುವ ಮೊದಲೇ ಮುಗಿದಿರುತ್ತಿತ್ತು. ಅಲ್ಲಿ ಪ್ರತಿ ಮರಿಯ ಅಪ್ಪ ಅಮ್ಮನ ಹೆಸರು ಸ್ಟಡ್ ಬುಕ್ಕಿನಲ್ಲಿ ಇರುತ್ತದೆ, ರಕ್ತ ಹತ್ತಿರವಾದರೆ ಪುಟ ತಿರುಗಿಸಿದರೆ ಸಿಗುತ್ತದೆ. ಮುಧೋಳದ ನಾಯಿಗಳಲ್ಲಿ ತಿಮ್ಮಾಪುರದ ಕೇಂದ್ರದಿಂದ ಹೊರಟವನ್ನು ಬಿಟ್ಟರೆ ಬಹುಪಾಲಿನ ವಂಶಾವಳಿ ಇರುವುದು ಸಾಕಿದವರ ನೆನಪಿನಲ್ಲಿ. ಕಡಿಮೆ ನಾಯಿಗಳಿಂದ ಹೆಚ್ಚು ಮರಿ ತೆಗೆಯುವ ಆತುರದಲ್ಲಿ ಅಣ್ಣ ತಂಗಿಯನ್ನು ಜೋಡಿ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮರಿ ಸಣ್ಣದಾಗುತ್ತದೆ, ಬೇಗ ಸಾಯುತ್ತದೆ, ಕೊನೆಗೆ ಬಸಿರೇ ನಿಲ್ಲುವುದಿಲ್ಲ. ಆಮೇಲೆ ಈ ತಳಿಯೇ ಹಾಗೆ ಎಂಬ ಮಾತು ಹುಟ್ಟುತ್ತದೆ.

“ಅಪ್ಪ ಒಂದೇ ಆಯ್ತಲ್ಲಪ್ಪ” ಎಂದು ತಾತ ಮೆಲ್ಲಗೆ ಹೇಳುತ್ತಾರೆ. ಕುಣಿಗಲ್‌ನವರು ತಲೆ ಕೆರೆದುಕೊಳ್ಳುತ್ತಾರೆ. “ತಾಯಿ ಬೇರೆ ಅಲ್ವಾ?” ಎಂದು ಕೇಳುತ್ತಾರಾದರೂ ದನಿಯಲ್ಲಿ ಮೊದಲಿನ ಜೋರಿಲ್ಲ.

ಗರ್ಭಕೋಶದ ಗುಳ್ಳೆ ತಾತನನ್ನು ಒಪ್ಪಿಸಿರಲಿಲ್ಲ. ಇದು ಒಪ್ಪಿಸುತ್ತದೆ. ಹಳ್ಳಿಕಾರ್ ಹೋರಿಯನ್ನು ಅದರ ತಂಗಿಯ ಮೇಲೆ ಬಿಡುವವರನ್ನು ಜಾತ್ರೆಯಲ್ಲಿ ಬೈದು ಬಂದ ಮನುಷ್ಯ.

ಊಟಕ್ಕೆ ಎಲ್ಲರೂ ಕೂರುತ್ತಾರೆ, ಬಂದವರನ್ನು ಹಾಗೇ ಕಳಿಸುವ ಮನೆಯಲ್ಲ. ಮುದ್ದೆ, ಬಸ್ಸಾರು. ಬಿಳಿ ನಾಯಿಗೂ ಮೊಸರು ಕಲಸಿದ ಮುದ್ದೆ ಹೋಗುತ್ತದೆ, ಅದು ಮೂಸಿಯೂ ನೋಡುವುದಿಲ್ಲ. ಮಾತು ಗುಬ್ಬಿಯ ತೋಟದಲ್ಲಿರುವ ಮಗಳುನಾಯಿಗೆ ತಿರುಗುತ್ತದೆ. ವಯಸ್ಸು ಮೂರಾಗುತ್ತ ಬಂತು, ಮೈ ತುಂಬಿದೆ, ಅಮ್ಮನಿಗಿಂತ ಒಂದು ಬೆರಳು ಎತ್ತರ. ಹೊರಗಿನ ರಕ್ತದ ಗಂಡೊಂದು ಸಿಕ್ಕಿದರೆ ಮುಂದಿನ ಬೆದೆಗೆ ಅವಳೇ ಆಗಬಹುದು ಎನ್ನುತ್ತಾರೆ ಮಗ. ತಾತ ತುತ್ತು ನುಂಗಿ ತಲೆಯಾಡಿಸುತ್ತಾರೆ, ಬೇಡ ಎಂಬ ಹಾಗೆ. ಆ ಹುಡುಗಿ ಕರೆದರೆ ಬರುವುದಿಲ್ಲ. ಹೋದ ತಿಂಗಳು ಪಕ್ಕದ ತೋಟಕ್ಕೆ ನುಗ್ಗಿ ಎರಡು ಕೋಳಿ ಹಿಡಿದಿದ್ದಾಳೆ, ಅಳಿಯ ದುಡ್ಡು ಕಟ್ಟಿದ್ದಾನೆ.

“ಅಮ್ಮನ ಗುಣ ಅದಕ್ಕೆ ಬಂದಿಲ್ಲ.”

“ಬರೋದು ಹೆಂಗೆ ಮಾವ?” ಸೊಸೆ ಸಾರು ಬಡಿಸುತ್ತ ಕೇಳುತ್ತಾರೆ. “ಚಿಗರೀನ ಮರಿಯಿಂದ ದಿನಾ ಸಂಜೆ ಕರ್ಕೊಂಡು ಹೋಗಿ ಕೂಗಿ ಕೂಗಿ ಕಲ್ಸಿದ್ರಿ, ಬಂದಾಗೆಲ್ಲ ಬೆಲ್ಲದ ಚೂರು ಕೊಟ್ರಿ. ಅದನ್ನ ತೋಟದಲ್ಲಿ ಸರಪಳಿ ಹಾಕಿ ಕಟ್ಟಿದ್ರು. ಕರೆದೋರು ಯಾರು ಅದನ್ನ?”

ತಾತ ಉತ್ತರ ಕೊಡುವುದಿಲ್ಲ. ಕೈ ತೊಳೆದು ಬಂದು ಅಡಿಕೆ ಕತ್ತರಿಸುತ್ತ ಬಹಳ ಹೊತ್ತು ಕೂರುತ್ತಾರೆ. ಹೊರಗೆ ಪಿಕಪ್ ಸ್ಟಾರ್ಟ್ ಆಗುತ್ತದೆ. ಬಿಳಿ ನಾಯಿ ಹಿಂದಿರುಗಿ ನೋಡುತ್ತ ಬೀದಿಯ ತುದಿ ದಾಟುತ್ತದೆ, ಬೀದಿಯವೆಲ್ಲ ತಮ್ಮ ಜಾಗಕ್ಕೆ ಮರಳುತ್ತವೆ. ಗುಣದಲ್ಲಿ ರಕ್ತದ ಪಾಲೆಷ್ಟು, ಸಾಕಿದವರ ಪಾಲೆಷ್ಟು ಎಂಬುದನ್ನು ಚಿಗರಿಯ ಹೊಟ್ಟೆಯಿಂದ ಇನ್ನೊಂದು ಸೂಲು ತೆಗೆದು ತಿಳಿಯಬೇಕಿಲ್ಲ; ಇದ್ದ ಮಗಳನ್ನು ಕರೆತಂದು ಕಲಿಸಿ ನೋಡಬಹುದು. ಮೂರು ವರ್ಷವೆಂದರೆ ಕಲಿಯಲು ತಡ, ಆದರೆ ಮೀರಿಲ್ಲ.

“ಫೋನ್ ಮಾಡು ಅಳಿಯಂಗೆ” ಎನ್ನುತ್ತಾರೆ ಕೊನೆಗೆ. “ಭಾನುವಾರ ಅದನ್ನ ಇಲ್ಲಿಗೆ ತಂದ್ಬಿಡ್ಲಿ. ಒಂದು ವರ್ಷ ನನ್ ಹತ್ರ ಇರ್ಲಿ. ಆಮೇಲೆ ನೋಡಣ. ಗಂಡು ಬೇಕಾದ್ರೆ ತಿಮ್ಮಾಪುರಕ್ಕೇ ಹೋಗಿ ಕೇಳಣ, ಅಪ್ಪ ಯಾರು ಅಜ್ಜ ಯಾರು ಅಂತ ಬರ್ಸ್ಕೊಂಡೇ.”

ಭಾನುವಾರ ಬೇಡ, ಚಿಗರಿಯ ಬೆದೆ ಇಳಿಯಲಿ, ಎರಡನ್ನೂ ಒಟ್ಟಿಗೆ ಸಂಭಾಳಿಸಲಾಗದು ಎಂದು ಸೊಸೆ ಮೂರು ವಾರ ಮುಂದಕ್ಕೆ ಹಾಕುತ್ತಾರೆ. ಅದಕ್ಕೂ ತಾತ ಹೂಂ ಎನ್ನುತ್ತಾರೆ.

ಚಿಗರಿಯ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಮರಿ ಬೇಡವೆಂದು ಬಿಟ್ಟರೆ ಗರ್ಭಕೋಶ ಸುಮ್ಮನಿರುವುದಿಲ್ಲ. ಕೀವು ಕಟ್ಟುವ ಅಪಾಯ ಬೆದೆ ಮುಗಿದ ನಂತರದ ಒಂದೆರಡು ತಿಂಗಳಲ್ಲೇ ಹೆಚ್ಚು. ಈಗಲೇ ಆಪರೇಷನ್ ಮಾಡಿದರೆ ರಕ್ತನಾಳಗಳು ಊದಿಕೊಂಡಿರುವ ಹೊತ್ತು, ರಕ್ತ ಹೆಚ್ಚು ಹೋಗುತ್ತದೆ. ಎರಡೂವರೆ ಮೂರು ತಿಂಗಳು ಕಾದು ಗರ್ಭಕೋಶ ಮತ್ತು ಆ ಗಡ್ಡೆಯನ್ನು ಒಟ್ಟಿಗೇ ತೆಗೆಯೋಣ ಎಂದು ಡಾಕ್ಟರು ಹೇಳಿ ಕಳಿಸಿದ್ದಾಳೆ. ಅಲ್ಲಿಯವರೆಗೆ ಕುಡಿಯುವ ನೀರಿನ ಮೇಲೆ ಕಣ್ಣಿರಬೇಕು. ಇದ್ದಕ್ಕಿದ್ದಂತೆ ಜಾಸ್ತಿ ಕುಡಿದರೆ, ಊಟ ಬಿಟ್ಟರೆ, ಹೊಟ್ಟೆ ಊದಿದರೆ, ಕೆಟ್ಟ ವಾಸನೆಯ ಸ್ರಾವ ಕಂಡರೆ ಅಥವಾ ಬರೀ ಮಂಕಾಗಿ ಮಲಗಿದರೂ ಸರಿ, ರಾತ್ರಿಯಾದರೂ ಎತ್ತಿಕೊಂಡು ಬರಬೇಕು.

ಸೊಸೆ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಪುಟ ಮಗುಚುತ್ತಾರೆ. ಬೆರಳು ಜೂನ್ ದಾಟುವಾಗ ತಾತ ಬಗ್ಗಿ ನೋಡುತ್ತಾರೆ.

“ಆಷಾಢದಾಗೆ ಕತ್ತರಿ ಹಾಕಿಸ್ಬೇಡಮ್ಮ.”

“ಆಷಾಢಕ್ಕೆ ಮುಂಚೆನೇ ಮಾವ. ಡಾಕ್ಟ್ರಮ್ಮಂಗೆ ನಾನು ಹೇಳ್ತೀನಿ.”

“ನೀರು ಅಳೆಯೋದು ಯಾವುದ್ರಾಗೆ?”

ಸೊಸೆ ಒಳಗೆ ಹೋಗಿ ಒಂದು ಲೀಟರಿನ ಹಾಲಿನ ಅಳತೆ ಪಾತ್ರೆ ತಂದು ತಾತನ ಕೈಗೆ ಕೊಡುತ್ತಾರೆ. ಬೆಳಿಗ್ಗೆ ತುಂಬಿಸಿಡುವುದು, ಸಂಜೆ ಉಳಿದದ್ದನ್ನು ನೋಡುವುದು, ಎರಡೂ ಇನ್ನು ಮುಂದೆ ಅವರದೇ ಕೆಲಸ.